ಯೆಫ್ತಾಹನ ಮಗಳಿಗೆ ಅಣ್ಣನಿರಲಿಲ್ಲ

ಕಾಪು
21-6-1958

ಪ್ರೀತಿಯ ತಮ್ಮ ಲೂವಿಗೆ,

ನಿನ್ನ ಕಾಗದ ಸಿಕ್ಕಿತು. ಪೋಸ್ಟಿನವನು ಅಂಗಿಯ ಒಳಗೆ ಇಟ್ಟುಕೊಂಡೇ ತಂದ, ಆದರೂ ಒಂದು ಮೂಲೆ ಮಳೆಗೆ ಒದ್ದೆಯಾಗಿ ನಿನ್ನ ಊಟದ ಸಾಲು ಅಳಿಸಿ ಹೋಗಿದೆ. "ಊಟಕ್ಕೆ" ಎಂದು ಉಂಟು, ಆಮೇಲೆ ಬರೀ ನೀಲಿ ನೀರು. ಊಟಕ್ಕೆ ಎಂತ? ತೊಂದರೆಯಾ, ತೊಂದರೆ ಇಲ್ಲವಾ? ಮೊದಲು ಅದನ್ನು ಬರೆ.

ಕನ್ನಡದಲ್ಲಿಯೇ ಬರೆ ಎಂದಿದ್ದೀ, ನಿನ್ನ ಪಿಕ್ಚರಿನ ಮಾತುಗಳಿಗೆ ಕರಾವಳಿಯ ಕನ್ನಡ ಬೇಕೆಂದು. ನನ್ನ ಕನ್ನಡ ಎಂತದು ಮಾರಾಯ. ಅಮ್ಮ ತೀರಿಕೊಂಡ ವರ್ಷ ಐದನೆಯ ಕ್ಲಾಸಿನ ನಡುವೆ ಸ್ಲೇಟು ಇಟ್ಟು ಸೌಟು ಹಿಡಿದವಳು ನಾನು. ಕೊಂಕಣಿಯಾದರೆ ಕೈ ಓಡುತ್ತದೆ, ಇದು ಕುಂಟುತ್ತದೆ. ತಪ್ಪಿದ್ದರೆ ನಗಬೇಡ. ನಿನ್ನ ಸ್ಟುಡಿಯೋದವರಿಗೆ ತೋರಿಸಲೇ ಬೇಡ.

ಯೆಫ್ತಾಹನ ಕಥೆ ಅಮ್ಮ ಹೇಗೆ ಹೇಳುತ್ತಿದ್ದಳು ಎಂದು ಕೇಳಿದ್ದೀ. ನಮ್ಮವರಲ್ಲಿ ಬೈಬಲ್ ಪುಸ್ತಕ ಯಾರ ಮನೆಯಲ್ಲಿ ಉಂಟು? ಪಾದ್ರಿಗಳು ಪ್ರಸಂಗದಲ್ಲಿ ಹೇಳಿದ್ದನ್ನು ಅಮ್ಮ ಕೇಳಿಕೊಂಡು ಬಂದು ಭತ್ತ ಬೇಯಿಸುವಾಗ ನಮಗೆ ಹೇಳಿದ್ದು. ಯೆಫ್ತಾಹ ಯುದ್ಧಕ್ಕೆ ಹೊರಟ. ಗೆದ್ದು ಬಂದರೆ ನನ್ನ ಮನೆಬಾಗಿಲಿನಿಂದ ಮೊದಲು ಯಾರು ಎದುರು ಬರುತ್ತಾರೋ ಅವರನ್ನು ನಿನಗೆ ಅರ್ಪಿಸುತ್ತೇನೆ ಎಂದು ದೇವರಿಗೆ ಮಾತು ಕೊಟ್ಟ. ಗೆದ್ದು ಬಂದ. ಮಗಳು ದಮ್ಮಡಿ ಬಡಿಯುತ್ತಾ ಕುಣಿಯುತ್ತಾ ಹೊರಗೆ ಬಂದಳು. ಅಲ್ಲಿಗೆ ಅಮ್ಮ ನಿಲ್ಲಿಸುತ್ತಿದ್ದಳು. ಮತ್ತೆ ಎಂತಾಯಿತು, ಮತ್ತೆ ಎಂತಾಯಿತು ಎಂದು ನೀನು ಸೆರಗು ಎಳೆದರೆ, "ಮತ್ತೆ ಎಂತ, ಅಪ್ಪ ಅತ್ತ. ಆಮೇಲೆ ಎಲ್ಲರೂ ಗಂಜಿ ಕುಡಿದರು. ನೀವೂ ಕುಡಿಯಿರಿ" ಎನ್ನುತ್ತಿದ್ದಳು.

ಅಷ್ಟೇ ಇರಲಿಕ್ಕಿಲ್ಲ ಎಂದು ಆದಿತ್ಯವಾರ ವಿಗಾರ್ ಪಾದ್ರಿಯವರನ್ನೇ ಕೇಳಿದೆ. ಅವರು ಪುಸ್ತಕ ತೆಗೆದು ಓದಿ ಹೇಳಿದರು. ಆ ಹುಡುಗಿ ಎರಡು ತಿಂಗಳು ಅವಕಾಶ ಕೇಳಿ, ಗೆಳತಿಯರ ಜೊತೆ ಗುಡ್ಡದಲ್ಲಿ ತಿರುಗಿ, ತನಗೆ ಮದುವೆ ಇಲ್ಲದೆ ಹೋಯಿತಲ್ಲ ಎಂದು ಅತ್ತು, ತಿರುಗಿ ಬಂದಳಂತೆ. ಅಪ್ಪ ಹೇಳಿದ ಹಾಗೆ ಮಾಡಿದನಂತೆ. ಲೂವಿ, ಅವನು ಅವಳನ್ನು ಕೊಂದ. ಅಮ್ಮನಿಗೆ ಅದು ಗೊತ್ತಿತ್ತು.

"ಅವಳಿಗೆ ಅಣ್ಣ ತಮ್ಮ ಯಾರೂ ಇರಲಿಲ್ವಾ ಫಾದರ್, ಅಡ್ಡ ಬರಲಿಕ್ಕೆ?" ಎಂದು ಕೇಳಿದೆ.

"ಇಲ್ಲ ಪೊಲ್ಲು, ಒಬ್ಬಳೇ ಮಗಳು" ಎಂದರು.

ನಮ್ಮ ತಂಗಿ ಜೆತ್ತುವಿಗೆ ಅಣ್ಣ ಇದ್ದಾನೆ. ನಿನಗೆ ಗೊತ್ತಿಲ್ಲದ್ದಲ್ಲ, ಆದರೂ ಬರೆಯುತ್ತೇನೆ, ಏಕೆಂದರೆ ನಿನ್ನ ಕಾಗದದಲ್ಲಿ ಆ ಬಗ್ಗೆ ಒಂದು ಸಾಲು ಇಲ್ಲ. ನಿನಗೆ ಟೈಫಾಯಿಡ್ ಆಗಿ ಕಣ್ಣು ಮೇಲಾದಾಗ ಪಪ್ಪ ಇಗರ್ಜಿಗೆ ಓಡಿ, ಮಗ ಉಳಿದರೆ ಮನೆಯಿಂದ ಒಬ್ಬರನ್ನು ದೇವರಿಗೆ ಕೊಡುತ್ತೇನೆ ಎಂದು ಹರಕೆ ಹೇಳಿದರು. ನೀನು ಉಳಿದೆ. ನಿನ್ನನ್ನೇ ಪಾದ್ರಿಯಾಗಲು ಮಂಗಳೂರಿನ ಸೆಮಿನರಿಗೆ ಕಳುಹಿಸಿದರು. ನೀನು ಅದನ್ನು ಬಿಟ್ಟು ಮದ್ರಾಸಿಗೆ ಹೋದೆ. ಹರಕೆ ಮಾತ್ರ ಇಲ್ಲಿಯೇ ಕುಳಿತಿತು. ಈಗ ಜೆತ್ತುವನ್ನು ಸಿಸ್ಟರ್ ಆಗಲು ಕಾನ್ವೆಂಟಿಗೆ ಕೊಡುವುದು ಎಂದು ಪಪ್ಪ ನಿಶ್ಚಯ ಮಾಡಿದ್ದಾರೆ. ಬಿಹಾರದ ಕಡೆಯ ಮಿಶನ್ ಅಂತೆ. ಅವಳಿಗೆ ಹದಿನೆಂಟು ತುಂಬಿತು. ಅವಳಿಗೆ ಮನಸ್ಸಿಲ್ಲ. ಒಂದು ಸಲ ಬಂದು ಪಪ್ಪನ ಎದುರು ನಿಲ್ಲು ಲೂವಿ. ಬೈದರೆ ಬೈಯಲಿ.

ಎಣ್ಣೆ ಹಚ್ಚಿ ಸ್ನಾನ ಮಾಡುತ್ತೀಯಾ? ಆ ಊರಿನ ಉಪ್ಪುನೀರಿಗೆ ಕೂದಲು ಉದುರುತ್ತದೆ ಎಂದು ನಿನ್ನ ಜೊತೆಗಾರ ಹೆರಾಲ್ಡನ ತಾಯಿ ಹೇಳುತ್ತಾರೆ.

ನಿನ್ನದೇ ಚಿಂತೆಯಲ್ಲಿರುವ ಅಕ್ಕ,
ಅಪೊಲೋನಿಯಾ

---

ಕೋಡಂಬಾಕ, ಮದ್ರಾಸು
8-7-1958

ಪ್ರೀತಿಯ ಪೊಲ್ಲು ಅಕ್ಕ,

ಊಟಕ್ಕೆ ತೊಂದರೆ ಇಲ್ಲ ಎಂದೇ ಬರೆದದ್ದು. ಹೆರಾಲ್ಡನೂ ನಾನೂ ಒಂದೇ ಕೋಣೆ, ಕೆಳಗೆ ಉಡುಪಿಯವರ ಹೋಟೆಲು.

ನಿನ್ನ ಕಾಗದ ಓದಿ ನನಗೆ ನಿದ್ದೆ ಬರಲಿಲ್ಲ. ಕೇಳು: ನಮ್ಮ ಪ್ರೊಡ್ಯೂಸರಿಗೆ ಬೈಬಲ್ಲಿನ ಕಥೆ ಬೇಕು, ಬೈಬಲ್ ಬೇಡ. "ಹೆಸರು ಕೇಳಿದರೆ ಜನ ಇಗರ್ಜಿ ಅಂದುಕೊಂಡು ಬಾಗಿಲಲ್ಲೇ ಚಪ್ಪಲಿ ಬಿಡುತ್ತಾರೆ, ನಮ್ಮ ಕಾಲದ ಕಥೆ ಮಾಡಿ" ಎಂದರು. ಹಾಗಾಗಿ ಯೆಫ್ತಾಹ ಈಗ ಚಂದು ತಂಡೇಲ, ನಮ್ಮ ಕಡಲಿನವನು, ದೋಣಿಯ ಯಜಮಾನ. ಯುದ್ಧದ ಬದಲು ತೂಫಾನು. ಮುಳುಗುತ್ತಿದ್ದವನನ್ನು ಒಬ್ಬ ಮುದಿ ಮೀನುಸಾಹುಕಾರ ತನ್ನ ಲಾಂಚಿಗೆ ಎಳೆದುಕೊಳ್ಳುತ್ತಾನೆ. "ದಡದಲ್ಲಿ ನನ್ನ ಮನೆಯಿಂದ ಮೊದಲು ಏನು ಎದುರು ಬರುತ್ತದೋ ಅದು ನಿಮ್ಮದು" ಎನ್ನುತ್ತಾನೆ ತಂಡೇಲ, ನಾಯಿಯೋ ಆಡೋ ಬರುತ್ತದೆ ಎಂದುಕೊಂಡು. ಬರುವವಳು ಮಗಳು. ಸಾಹುಕಾರ ಮದುವೆಗೆ ದಿನ ಇಡುತ್ತಾನೆ.

ಕೊನೆ ಸಿಗದೆ ಒದ್ದಾಡುತ್ತಿದ್ದೆ. ಅಣ್ಣ ಇರಲಿಲ್ಲವಾ ಎಂದು ನೀನು ಪಾದ್ರಿಯವರನ್ನು ಕೇಳಿದ್ದು ಓದಿದೆನಲ್ಲ, ಥಟ್ಟನೆ ಹೊಳೆಯಿತು. ಅಣ್ಣನನ್ನು ಹಾಕಿದೆ! ತಂದೆಯೊಡನೆ ಜಗಳವಾಡಿ ಬೊಂಬಾಯಿಗೆ ಹೋದವನು, ತಾಳಿ ಕಟ್ಟುವ ಹೊತ್ತಿಗೆ ಓಡಿ ಬರುತ್ತಾನೆ. ಪ್ರೊಡ್ಯೂಸರು ಎದ್ದು ನಿಂತು ಕೈ ಕುಲುಕಿದರು. ಅರ್ಧ ನಿನ್ನದೇ ಕಥೆ ಅಕ್ಕ.

ಇನ್ನೊಂದು ಸಂತೋಷ. ಕಡಲಿನ ಸೀನು ತೆಗೆಯಲು ಮಳೆ ಮುಗಿದ ಮೇಲೆ, ಅಕ್ಟೋಬರಿನಲ್ಲಿ, ಕಾಪು ದೀಪಸ್ತಂಭದ ಹತ್ತಿರವೇ ಬರುವುದು ಎಂದಿದೆ. ಆಗ ಮನೆಗೆ ಬರುತ್ತೇನೆ. ಪಪ್ಪನ ಎದುರು ನಿಲ್ಲುತ್ತೇನೆ. ಖಂಡಿತ. ಜೆತ್ತುವಿಗೆ ಹೇಳು.

ನಿನ್ನ ತಮ್ಮ,
ಅಲೋಶಿಯಸ್

---

ಕಾಪು
3-8-1958

ಪ್ರೀತಿಯ ಲೂವಿಗೆ,

ಅಕ್ಟೋಬರ್ ಎಂದರೆ ಮೊದಲಿನ ವಾರವಾ, ಕೊನೆಯದ್ದಾ? ರೈಲಿನಲ್ಲಿ ಬರುವುದಾ, ಕಂಪೆನಿಯ ಕಾರಿನಲ್ಲಾ? ಘಾಟಿಯಲ್ಲಿ ಮಣ್ಣು ಜರಿದಿದೆ ಎಂದು ಕೇಳಿದೆ. ರೈಲೇ ಒಳ್ಳೆಯದು. ರೈಲಿನಲ್ಲಿ ಸಹ ಬಾಗಿಲಿನ ಹತ್ತಿರ ಕುಳಿತುಕೊಳ್ಳಬೇಡ.

ನಿನ್ನ ತಂಡೇಲನ ಕಥೆ ಮೀನು ಮಾರುವ ನಳಿನಾಕ್ಷಿಗೆ ಹೇಳಿದೆ. ಬುಟ್ಟಿ ಇಳಿಸಿ ಹೊಟ್ಟೆ ಹಿಡಿದು ನಕ್ಕಳು.

"ದೋಣಿ ಬರುವಾಗ ತಂಡೇಲನ ಮಗಳು ಕುಣಿಯುವುದಾ ಬಾಯಮ್ಮ? ಬುಟ್ಟಿ ಹಿಡಿದು ಓಡುವುದು! ಕುಣಿದುಕೊಂಡು ನಿಂತರೆ ಬೂತಾಯಿ ಮೀನು ಪೂರಾ ಕಾಗೆಗೆ."

"ಅಪ್ಪ ಬದುಕಿ ಬಂದ ಎಂದು ಸಂತೋಷ ಇರುವುದಿಲ್ವಾ?"

"ಇರುತ್ತದೆ. ಅದನ್ನು ಯಾರಾದರೂ ತೋರಿಸುತ್ತಾರಾ? ದೃಷ್ಟಿ ತಾಗುತ್ತದೆ" ಎಂದಳು. ನಿನ್ನ ಪಿಕ್ಚರಿಗೆ ಬೇಕಾದರೆ ಬರೆದುಕೋ.

ವಿಗಾರ್ ಪಾದ್ರಿಯವರು ನಮ್ಮ ಮನೆಗೆ ಬಂದಿದ್ದರು. "ರೊಸಾರಿಯೊ, ಒಬ್ಬರ ಹರಕೆ ಇನ್ನೊಬ್ಬರನ್ನು ಕಟ್ಟುವುದಿಲ್ಲ. ಬಿಷಪರಿಗೆ ಬರೆದರೆ ಬಿಡಿಸಿ ಕೊಡುತ್ತಾರೆ. ನಾನೇ ಬರೆಯುತ್ತೇನೆ, ನೀವು ಹೂಂ ಎಂದರೆ ಸಾಕು" ಎಂದರು. ಪಪ್ಪ ಹೂಂ ಎನ್ನಲಿಲ್ಲ. "ಸಾಯುವವನನ್ನು ದೇವರಲ್ಲಿ ಕೇಳಿ ಪಡೆದುಕೊಂಡೆ ಫಾದರ್. ಪಡೆದುಕೊಂಡ ಮೇಲೆ ಮಾತು ಬದಲಿಸುವುದಾ? ಬದಲಿಸಬೇಕಾದರೆ ಪಡೆದುಕೊಂಡ ಆ ಮಗನೇ ಬಂದು ಕೇಳಲಿ" ಎಂದರು. ನೀನೇ ಬಂದು ಕೇಳಬೇಕು ಎಂದರು, ತಿಳಿಯಿತಾ? ಬಾಗಿಲು ಪೂರಾ ಹಾಕಿಲ್ಲ.

ಆದರೆ ನನ್ನ ಹೆದರಿಕೆ ಪಪ್ಪನದ್ದಲ್ಲ, ಜೆತ್ತುವಿನದ್ದು. ಮೊನ್ನೆ ಹಟ್ಟಿಯಲ್ಲಿ ಹಾಲು ಕರೆಯುತ್ತಿದ್ದವಳು ಚೊಂಬು ಇಟ್ಟು ಕೇಳಿದಳು: "ಅಕ್ಕ, ಹರಕೆ ತೀರದಿದ್ದರೆ ದೇವರು ಕೊಟ್ಟದ್ದನ್ನು ತಿರುಗಿ ತೆಗೆದುಕೊಳ್ಳುತ್ತಾರಲ್ವಾ?" ಹುಚ್ಚಿ ಎಂದು ಬೈದೆ. ಬೈದರೆ ಎಂತ, ನಮ್ಮ ಊರಿನಲ್ಲಿ ಎಲ್ಲರೂ ನಂಬುವುದು ಅದನ್ನೇ. ನನಗೂ ಒಳಗೆ ಉಂಟು. ಅವಳಿಗೆ ಕಾನ್ವೆಂಟಿನ ಮದರ್ ಕೇಳುತ್ತಾರಂತೆ, ಸ್ವಂತ ಇಷ್ಟದಿಂದ ಬರುತ್ತೀಯಾ ಎಂದು. ಇಲ್ಲ ಎಂದರೆ ಅವರೇ ಬಿಡುತ್ತಾರೆ. ಆದರೆ ಅವಳು ಇಲ್ಲ ಎನ್ನುವುದಿಲ್ಲ. ತಾನು ಹೋಗದಿದ್ದರೆ ನೀನು ಸಾಯುತ್ತೀ ಎಂದು ಅವಳ ಲೆಕ್ಕ.

ಮಳೆ ಮುಗಿಯುವವರೆಗೆ ಬಿಡಿ ಎಂದು ಪಪ್ಪನಲ್ಲಿ ಕೇಳಿ ಬಜಗೋಳಿಗೆ ಬರ್ತಾ ಮೌಶಿಯ ಮನೆಗೆ ಹೋಗಿದ್ದಾಳೆ. ಅಲ್ಲಿ ಮೌಶಿಯ ಹುಡುಗಿಯರ ಜೊತೆ ಗುಡ್ಡಕ್ಕೆ ದನ ಬಿಡಲು ಹೋಗುತ್ತಾಳಂತೆ. ಗುಡ್ಡ ಎಂದು ಕೇಳಿದ ಕೂಡಲೇ ನನಗೆ ಯೆಫ್ತಾಹನ ಮಗಳು ನೆನಪಾದಳು. ಆ ಬೈಬಲಿನ ಭಾಗ ಅವಳಿಗೆ ನಾನು ಹೇಳಲೇ ಇಲ್ಲ.

ನೀನು ಬಂದು ಅವಳ ಕಣ್ಣೆದುರು ಎರಡು ದಿನ ತಿರುಗಾಡಿದರೆ ಸಾಕು. ಗಟ್ಟಿ ಇದ್ದಾನೆ, ತಿನ್ನುತ್ತಾನೆ, ಬೈಯುತ್ತಾನೆ ಎಂದು ಅವಳಿಗೆ ಕಾಣಬೇಕು.

ದಾರಿ ನೋಡುವ ಅಕ್ಕ,
ಅಪೊಲೋನಿಯಾ

---

ಕಾಪು
10-9-1958

ಪ್ರೀತಿಯ ಲೂವಿಗೆ,

ಮೊನ್ನೆ ಮೊಂತಿ ಹಬ್ಬ. ಜೆತ್ತು ಬಜಗೋಳಿಯಿಂದ ಬಂದಳು, ಬಿಸಿಲಿಗೆ ಸ್ವಲ್ಪ ಕಪ್ಪಾಗಿದ್ದಾಳೆ, ನಗುತ್ತಾಳೆ. ಇಗರ್ಜಿಯಿಂದ ತಂದ ಹೊಸ ತೆನೆಯ ಅಕ್ಕಿಯನ್ನು ಪಪ್ಪ ಹಾಲಿಗೆ ಹಾಕಿ ಎಲ್ಲರಿಗೂ ಕೊಟ್ಟರು. ನಿನ್ನ ಪಾಲು ಎಂದು ನಾಲ್ಕು ಕಾಳು ಬದಿಗಿಟ್ಟರು. ನಾನು ಹೇಳಿದ್ದಲ್ಲ, ಅವರೇ ಇಟ್ಟದ್ದು. ಕಾಗದದ ಮಡಿಕೆಯಲ್ಲಿ ಹಾಕಿ ಅನ್ನದಿಂದ ಅಂಟಿಸಿದ್ದೇನೆ, ತೆಗೆಯುವಾಗ ಉದುರಿಸಬೇಡ.

ಜೆತ್ತು ಕೇಳಿದಳು, "ಪಿಕ್ಚರಿನ ಹುಡುಗಿಯ ಹೆಸರು ಎಂತ?" ಗೊತ್ತಿಲ್ಲ ಎಂದೆ. "ಬರಲಿ, ನಾನೇ ಕೇಳುತ್ತೇನೆ" ಎಂದಳು. ನೀನು ಬರುವುದನ್ನು ಅವಳೂ ನಂಬಿದ್ದಾಳೆ ಲೂವಿ. ಹಬ್ಬದ ಸೀರೆಯನ್ನು ಮಡಿಸಿ ಪೆಟ್ಟಿಗೆಗೆ ಹಾಕದೆ ಗೂಟದಲ್ಲಿ ಬಿಟ್ಟಿದ್ದಾಳೆ. ಕಾನ್ವೆಂಟಿಗೆ ಹೋಗುವವಳು ಸೀರೆ ಹೊರಗೆ ಇಡುತ್ತಾಳಾ?

ದಿನ ತಿಳಿಸು. ಕೋಳಿ ಒಂದನ್ನು ಬೇರೆ ಕಟ್ಟಿದ್ದೇನೆ.

ಅಕ್ಕ,
ಅಪೊಲೋನಿಯಾ

---

ಮದ್ರಾಸು
9-10-1958

ಪ್ರೀತಿಯ ಅಕ್ಕ,

ಬೇಸರ ಮಾಡಿಕೊಳ್ಳಬೇಡ. ಕಾಪುವಿಗೆ ಬರುವುದು ರದ್ದಾಯಿತು. ಅಷ್ಟು ಜನರನ್ನು ಸಾಮಾನನ್ನು ಸಾಗಿಸುವುದು ಕಷ್ಟವಂತೆ, ಇಲ್ಲಿಯೇ ಮರಿನಾದ ಆಚೆ ಒಂದು ದೋಣಿ ಇಟ್ಟು ತೆಗೆಯುತ್ತಾರೆ. ನಾನೊಬ್ಬನೇ ಹೊರಡೋಣ ಎಂದಿದ್ದೆ, ಅಷ್ಟರಲ್ಲಿ ನನಗೆ ಜ್ವರ ಹಿಡಿದಿದೆ. ಹಾಸಿಗೆಯಿಂದಲೇ ಬರೆಯುತ್ತಿದ್ದೇನೆ. ಡಾಕ್ಟರು ಪ್ರಯಾಣ ಬೇಡ ಎಂದಿದ್ದಾರೆ. ಕ್ರಿಸ್ಮಸಿಗೆ ನೋಡೋಣ. ಪಪ್ಪನಿಗೆ ಅಲ್ಲಿಯವರೆಗೆ ಏನಾದರೂ ಹೇಳು.

ಅಲೋಶಿಯಸ್

---

ಕಾಪು
17-10-1958

ಲೂವಿ,

ಎಂತ ಜ್ವರ? ಎಷ್ಟು ಉಂಟು? ನಾಲಗೆ ಬಿಳಿಯಾ? ಯಾರು ಗಂಜಿ ಕೊಡುತ್ತಾರೆ? ಹೆರಾಲ್ಡ್ ಇದ್ದಾನಾ ಹತ್ತಿರ?

ನಿನ್ನ ಕಾಗದವನ್ನು ನಾನು ಒಳಗೆ ಓದಬೇಕಿತ್ತು. ನಾನು ಕತ್ತೆ. ನೀನು ಬರುವ ದಿನ ಬರೆದಿದ್ದೀ ಎಂದುಕೊಂಡು ಅಂಗಳದಲ್ಲಿಯೇ ದೊಡ್ಡದಾಗಿ ಓದಿದೆ. ಜೆತ್ತು ಬಟ್ಟೆ ಹಿಂಡುತ್ತಿದ್ದಳು. ಜ್ವರ ಎನ್ನುವಲ್ಲಿಗೆ ಅವಳ ಕೈ ನಿಂತಿತು. "ಇನ್ನೊಮ್ಮೆ ಓದು" ಎಂದಳು. ಓದಿದೆ. ಹಿಂಡಿದ ಬಟ್ಟೆಯನ್ನು ಹಗ್ಗಕ್ಕೆ ಹಾಕಿ, ಕೈ ಒರೆಸಿ, ಸೀದಾ ಜಗಲಿಗೆ ಹೋದಳು. "ಪಪ್ಪ, ನಾನು ಹೋಗುತ್ತೇನೆ. ಬೇಗ ಕಳುಹಿಸಿ. ಅಣ್ಣನಿಗೆ ಜ್ವರ ಬಂದಿದೆ" ಎಂದಳು.

ಪಪ್ಪ ಅವಳ ಮುಖ ನೋಡಿದರು. ಅವರಿಗೂ ಭಯವಾಯಿತು ಲೂವಿ. ಇಬ್ಬರೂ ಆ ಟೈಫಾಯಿಡನ್ನೇ ನೋಡುತ್ತಿದ್ದರು. ನಾನು ಕೂಗಿದೆ, ಊರಲ್ಲಿ ಯಾರಿಗೆ ಜ್ವರ ಬರುವುದಿಲ್ಲ, ನಳಿನಾಕ್ಷಿಯ ಗಂಡನಿಗೆ ತಿಂಗಳಿಗೊಂದು ಬರುತ್ತದೆ ಎಂದು. ಯಾರೂ ಕೇಳಲಿಲ್ಲ.

ಗುರುವಾರ ಮಂಗಳೂರಿಗೆ. ಅಲ್ಲಿಂದ ಸಿಸ್ಟರುಗಳ ಜೊತೆ ರೈಲು. ಶನಿವಾರ ಬೆಳಿಗ್ಗೆ ಮದ್ರಾಸಿನ ದೊಡ್ಡ ಸ್ಟೇಶನಿನಲ್ಲಿ ಇಳಿದು ಬೇರೆ ರೈಲು ಹತ್ತುವುದಂತೆ.

ಜ್ವರ ಬಿಟ್ಟಿದ್ದರೆ ಈ ಕಾಗದ ಸಿಕ್ಕಿದ ಕೂಡಲೇ ತಂತಿ ಹಾಕು. ಗುಣವಾಯಿತು ಎಂದು ಕಂಡರೆ ಅವಳ ಮನಸ್ಸು ತಿರುಗಬಹುದು. ಗುರುವಾರದ ಒಳಗೆ, ಲೂವಿ.

ಅಕ್ಕ

---

ಕಾಪು
24-10-1958

ಪ್ರೀತಿಯ ಲೂವಿಗೆ,

ತಂತಿ ಬುಧವಾರ ಸಾಯಂಕಾಲ ಬಂತು. ಇಂಗ್ಲಿಷಿನಲ್ಲಿ ಇತ್ತು, ಅಂಚೆ ಮಾಸ್ತರರೇ ಓದಿ ಹೇಳಿದರು, ಜ್ವರ ಪೂರ್ತಿ ಬಿಟ್ಟಿದೆ ಎಂದು. ನಾನು ಅಳುತ್ತಾ ಓಡಿ ಬಂದು ಜೆತ್ತುವಿಗೆ ಹೇಳಿದೆ.

ಅವಳು ನಕ್ಕಳು. ಎಷ್ಟು ಸಂತೋಷದಲ್ಲಿ ನಕ್ಕಳು ಎಂದರೆ, ಚಿಕ್ಕವಳಿರುವಾಗಿನ ಹಾಗೆ ಎರಡು ಕೈಯನ್ನೂ ಬಾಯಿಗೆ ಮುಚ್ಚಿಕೊಂಡು. "ನೋಡಿದೆಯಾ ಅಕ್ಕ! ನಾನು ಹೂಂ ಎಂದ ಮೇಲೆ ಬಿಟ್ಟಿತು" ಎಂದಳು.

ತಂತಿ ಹಾಕು ಎಂದು ನಾನೇ ಬರೆದದ್ದಲ್ವಾ? ಅದು ಹೀಗೆ ತಿರುಗುತ್ತದೆ ಎಂದು ನನಗೆ ಹೊಳೆಯಲೇ ಇಲ್ಲ. ಹೆಚ್ಚು ಕಲಿತಿದ್ದರೆ ಹೊಳೆಯುತ್ತಿತ್ತೋ ಏನೋ.

ನಿನ್ನೆ ಮೊದಲಿನ ಬಸ್ಸಿಗೆ ಹೋದಳು. ಮಂಗಳೂರಿನವರೆಗೆ ಪಪ್ಪ ಜೊತೆಗಿದ್ದರು. ಸ್ವಂತ ಇಷ್ಟವಾ ಎಂದು ಮದರ್ ಎರಡು ಸಲ ಕೇಳಿದರಂತೆ. ಎರಡು ಸಲವೂ ಹೌದು ಎಂದಳಂತೆ. ಪಪ್ಪ ಮನೆಗೆ ಬಂದು ಅಂಗಿ ಬದಲಿಸದೆ ಮಲಗಿದ್ದಾರೆ.

ಗುಣವಾದ ಮೇಲೆ ತಲೆಗೆ ತಣ್ಣೀರು ಹಾಕಬೇಡ. ಮರುಕಳಿಸುವುದು ಹಾಗೆಯೇ.

ಅಕ್ಕ,
ಅಪೊಲೋನಿಯಾ

---

ಮದ್ರಾಸು
27-10-1958

ಅಕ್ಕ,

ಶನಿವಾರ ಸ್ಟೇಶನಿಗೆ ಹೋಗಿದ್ದೆ. ಸಿಸ್ಟರುಗಳು ಒಂದು ಬೆಂಚಿನಲ್ಲಿ ಕುಳಿತಿದ್ದರು, ಅವಳು ಪೆಟ್ಟಿಗೆಯ ಮೇಲೆ. ನನ್ನನ್ನು ನೋಡಿ ಎದ್ದು ಬಂದಳು. ಅಂಗೈ ತಿರುಗಿಸಿ ನನ್ನ ಹಣೆಗೆ, ಆಮೇಲೆ ಕುತ್ತಿಗೆಗೆ ಇಟ್ಟು ನೋಡಿದಳು. "ತಣ್ಣಗೆ ಉಂಟು" ಎಂದಳು. ಪಿಕ್ಚರಿನ ಹುಡುಗಿಯ ಹೆಸರು ಕೇಳಿದಳು. ರತ್ನಾವತಿ ಎಂದೆ. "ಅವಳನ್ನು ಅಳಿಸಬೇಡ ಮಾರಾಯ, ಜಾಸ್ತಿ" ಎಂದಳು.

ಅವಳಿಗೆ ಒಂದು ಮಾತು ಹೇಳಬೇಕೆಂದೇ ಹೋಗಿದ್ದೆ. ಅರ್ಧ ಗಂಟೆ ಇತ್ತು. ಕಾಫಿ ಬೇಕಾ ಎಂದು ಕೇಳಿದೆ. ಬಿಹಾರದಲ್ಲಿ ಚಳಿ ಎಂದೆ. ರೈಲು ಹೋಯಿತು.

ಆ ಮಾತನ್ನು ನಿನಗೂ ಈಗ ಬರೆಯಲಾರೆ.

ಲೂವಿ

---

ಕಾಪು
6-5-1959

ಪ್ರೀತಿಯ ತಮ್ಮ ಲೂವಿಗೆ,

ಬಹಳ ದಿನ ನಾನು ಬರೆಯಲಿಲ್ಲ, ನೀನೂ ಬರೆಯಲಿಲ್ಲ. ಆರೋಗ್ಯವಾಗಿದ್ದೀ ಎಂದು ಹೆರಾಲ್ಡ್ ಹೇಳಿದ.

ನಿನ್ನ "ತಂಡೇಲನ ಮಗಳು" ಉಡುಪಿಗೆ ಬಂತು. ನಾನು, ನಳಿನಾಕ್ಷಿ, ಪಪ್ಪ ಹೋದೆವು. ಪಪ್ಪ ತಾವಾಗಿಯೇ ಹೊರಟದ್ದು, ಅಂಗಿಗೆ ಇಸ್ತ್ರಿ ಹಾಕು ಎಂದರು. ನಿನ್ನ ಹೆಸರು ಪರದೆಯ ಮೇಲೆ ಬಂದಾಗ ನಾನು ತೋರಿಸಿದೆ, ಅಷ್ಟರಲ್ಲಿ ಹೋಗಿಯಾಯಿತು. ಹುಡುಗಿ ದಡದಲ್ಲಿ ಕುಣಿಯುವಾಗ ನಳಿನಾಕ್ಷಿ "ಹೋಯಿತು, ಬೂತಾಯಿ ಪೂರಾ ಹೋಯಿತು" ಎಂದು ಗಟ್ಟಿಯಾಗಿ ಹೇಳಿ ಹಿಂದಿನವರಿಂದ ಬೈಸಿಕೊಂಡಳು. ಆಮೇಲೆ ಅವಳೇ ಎಲ್ಲರಿಗಿಂತ ಹೆಚ್ಚು ಅತ್ತಳು.

ಕೊನೆಗೆ ಆ ಅಣ್ಣ ಬರುತ್ತಾನಲ್ಲ, ಮರಳಿನಲ್ಲಿ ಬಿದ್ದು ಎದ್ದು ಓಡಿಕೊಂಡು. "ಕೊಟ್ಟ ಮಾತು ನನ್ನ ಲೆಕ್ಕಕ್ಕೆ ಹಾಕಿ ಅಪ್ಪ, ಅವಳನ್ನು ಬಿಡಿ" ಎನ್ನುತ್ತಾನಲ್ಲ, ಆಗ ಜನ ಬೆಂಚು ಬಡಿದು ಕೂಗಿದರು. ಚಂದ ಬರೆದಿದ್ದೀ ಲೂವಿ. ನನಗೆ ಮಾತ್ರ ಕೂಗಲಿಕ್ಕೆ ಆಗಲಿಲ್ಲ.

ಬಸ್ಸಿನಲ್ಲಿ ಪಪ್ಪ ಕಿಟಕಿಯ ಬದಿಗೆ ಕುಳಿತಿದ್ದರು. ಉದ್ಯಾವರ ದಾಟುವಾಗ "ಆ ತಂಡೇಲ ಬೇಗ ಸೋತ" ಎಂದರು. ಕಟಪಾಡಿಯಲ್ಲಿ ಜನ ಇಳಿದು ಹತ್ತಿದ ಮೇಲೆ, "ನಾನೂ ಸೋಲುತ್ತಿದ್ದೆ" ಎಂದರು.

ಇನ್ನು ಹೆರಾಲ್ಡನ ಮಾತು. ಅವನು ತಂಗಿಯ ಮದುವೆಗೆ ಊರಿಗೆ ಬಂದವನು ನಮ್ಮಲ್ಲಿಗೂ ಬಂದ. ಲೂವಿಗೆ ಕಷ್ಟಕಾಲದಲ್ಲಿ ಗಂಜಿ ಕೊಟ್ಟಿದ್ದೀ, ದೇವರು ನಿನ್ನನ್ನು ಒಳ್ಳೆಯದಾಗಿ ಇಡಲಿ ಎಂದೆ. ಅವನು ಕಣ್ಣು ಕಣ್ಣು ಬಿಟ್ಟ. "ಜ್ವರವಾ? ಅಕ್ಟೋಬರಿನಲ್ಲಾ? ಅವನಿಗೆ ಶೀತ ಸಹ ಇರಲಿಲ್ಲ ಅಕ್ಕ. ದಿನಾ ಮರಿನಾದಲ್ಲಿ ಶೂಟಿಂಗಿಗೆ ಕುಣಿದುಕೊಂಡು ಹೋಗುತ್ತಿದ್ದ" ಎಂದ.

ನನಗೆ ಮರೆತಿರಬೇಕು ಎಂದೆ. ಅವನಿಗೆ ಇನ್ನೊಂದು ಪತ್ರೊಡೆ ಹಾಕಿದೆ.

ನಿನ್ನ ಮೇಲೆ ಸಿಟ್ಟಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಪಪ್ಪನ ಎದುರು ನಿಲ್ಲಲು ಹೆದರಿದೆ, ಅಷ್ಟೇ ಅಲ್ವಾ? ಹೆದರುವುದು ಎಂದರೆ ಎಂತ ಎಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ, ಹುಟ್ಟಿದಂದಿನಿಂದ ಅದೇ ಕೆಲಸ ನನ್ನದು. ಪಪ್ಪನಿಗೆ ಹೇಳಲಿಲ್ಲ. ಹೇಳುವುದೂ ಇಲ್ಲ.

ಜೆತ್ತುವಿನ ಕಾಗದ ಬರುತ್ತದೆ, ಎರಡು ತಿಂಗಳಿಗೊಮ್ಮೆ. ದೊಡ್ಡ ಮದರ್ ಓದಿ ಕಳುಹಿಸುವುದು, ಹಾಗಾಗಿ ಅದರಲ್ಲಿ ಎಂತ ಇರುತ್ತದೆ? ಹವೆ, ತೋಟ, ಮಕ್ಕಳಿಗೆ ಅಕ್ಷರ ಕಲಿಸುವುದು. ಕಳೆದ ಚಳಿಯಲ್ಲಿ ಕೈ ಒಡೆದು ರಕ್ತ ಬಂತಂತೆ, ಈಗ ಪರವಾಗಿಲ್ಲವಂತೆ. ಕೊನೆಯಲ್ಲಿ ಪ್ರತಿ ಸಲ ಒಂದೇ ಸಾಲು: ಅಣ್ಣನಿಗೆ ಆ ಜ್ವರ ಮತ್ತೆ ಬರಲಿಲ್ಲವಲ್ಲ? ನಾನು ಪ್ರತಿ ಸಲ ಬರೆಯುತ್ತೇನೆ, ಇಲ್ಲ ಜೆತ್ತು, ನಿನ್ನ ಪ್ರಾರ್ಥನೆಯಿಂದ ಇಲ್ಲ.

ಇಷ್ಟು ದಿನ ಸತ್ಯ ಎಂದುಕೊಂಡು ಬರೆಯುತ್ತಿದ್ದೆ. ನಿನ್ನೆಯೂ ಹಾಗೆಯೇ ಬರೆದು ಪೋಸ್ಟ್ ಮಾಡಿ ಬಂದೆ.

ಸ್ಟೇಶನಿನಲ್ಲಿ ಹೇಳದ ಮಾತನ್ನು ಮುಂದೆ ಎಂದಾದರೂ ಅವಳಿಗೆ ಬರೆಯಬೇಕು ಎಂದು ನಿನಗೆ ಅನಿಸಬಹುದು. ನಿನ್ನ ಮನಸ್ಸು ಹಗುರಾಗುತ್ತದೆ, ಗೊತ್ತು. ಬರೆಯಬೇಡ. ಅಲ್ಲಿ ಆ ಚಳಿಯಲ್ಲಿ ಅವಳ ಹತ್ತಿರ ಬೇರೆ ಎಂತ ಉಂಟು? ಬರೆಯುವುದಾದರೆ, ಜ್ವರ ಬಹಳ ಜೋರಿತ್ತು ಎಂದು ಬರೆ.

ನಿನ್ನ ಅಕ್ಕ,
ಅಪೊಲೋನಿಯಾ